ಮುಂಬಯಿಯಲ್ಲಿ ಕನ್ನಡಿಗರೆಷ್ಟು? ಸಂಖ್ಯೆ ಹೇಳುವ ಮೊದಲು ಪ್ರಶ್ನೆ ಯಾವುದೆಂದು ಹೇಳಲಿ

ನವೆಂಬರ್ ತಿಂಗಳು ಬಂತೆಂದರೆ ಮುಂಬಯಿ ಮತ್ತು ಉಪನಗರಗಳ ಸಭಾಗೃಹಗಳಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳು ಸಾಲುಗಟ್ಟುತ್ತವೆ. ದೀಪ ಬೆಳಗಿಸಿ, ನಾಡಗೀತೆ ಹಾಡಿ, ಗಣ್ಯರಿಗೆ ಶಾಲು ಹೊದಿಸಿ ಫಲಪುಷ್ಪ ನೀಡಿದ ಬಳಿಕ ಮುಖ್ಯ ಅತಿಥಿಗಳು ಮಾತಿಗೆ ನಿಲ್ಲುತ್ತಾರೆ. ಆಗ ಒಂದು ಸಂಖ್ಯೆ ತಪ್ಪದೆ ಬರುತ್ತದೆ. ಈ ಮಹಾನಗರದಲ್ಲಿ ಇಷ್ಟು ಲಕ್ಷ ಕನ್ನಡಿಗರಿದ್ದಾರೆ, ಅವರೆಲ್ಲ ಒಂದಾದರೆ ಏನು ತಾನೇ ಸಾಧ್ಯವಿಲ್ಲ ಎಂಬ ಮಾತು. ಆ ಸಂಖ್ಯೆ ಒಂದು ವೇದಿಕೆಯಲ್ಲಿ ಹತ್ತು ಲಕ್ಷ, ಮರುವಾರ ಇನ್ನೊಂದು ವೇದಿಕೆಯಲ್ಲಿ ಹದಿನೈದು ಲಕ್ಷ. ಚಪ್ಪಾಳೆ ಮಾತ್ರ ಎರಡೂ ಕಡೆ ಒಂದೇ ತೆರನಾಗಿರುತ್ತದೆ.

2011ರ ಜನಗಣತಿಯ ಭಾಷಾ ಕೋಷ್ಟಕವನ್ನು ತೆರೆದರೆ ಬೇರೆಯೇ ಚಿತ್ರ ಕಾಣುತ್ತದೆ. ಇಡೀ ಮಹಾರಾಷ್ಟ್ರದಲ್ಲಿ ಕನ್ನಡ ತಮ್ಮ ಮಾತೃಭಾಷೆ ಎಂದು ಬರೆಸಿದವರು ಸುಮಾರು 10 ಲಕ್ಷ. ಇದರಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಗಡಿನಾಡ ಕನ್ನಡಿಗರೂ ಸೇರಿದ್ದಾರೆ. ಹಾಗಾದರೆ ವೇದಿಕೆಯ ಮೇಲಿನವರು ಸುಳ್ಳು ಹೇಳಿದರೇ? ಸರಕಾರದ ಲೆಕ್ಕ ತಪ್ಪಿತೇ? ಎರಡನ್ನೂ ಹಾಗೆ ತಳ್ಳಿಹಾಕುವಂತಿಲ್ಲ. ಇಬ್ಬರೂ ಎಣಿಸಿದ್ದು ಬೇರೆ ಬೇರೆ ಜನರನ್ನು. ‘ಕನ್ನಡಿಗ’ ಎಂದರೆ ಯಾರು ಎಂಬುದನ್ನು ಮೊದಲೇ ಹೇಳಿಕೊಳ್ಳದೆ ಎಣಿಸಲು ಹೊರಟರೆ ಹೀಗಾಗುತ್ತದೆ.

ಅಲ್ಪಸಂಖ್ಯಾತ ಮತ್ತು ವಲಸಿಗ ಸಮುದಾಯಗಳ ಸಮೀಕ್ಷೆ ನಡೆಸುವವರಿಗೆ ಈ ತೊಡಕು ಹೊಸದಲ್ಲ. ಒಬ್ಬನನ್ನು ಯಾವ ಗುಂಪಿಗೆ ಸೇರಿಸಬೇಕೆಂದು ನಿರ್ಧರಿಸಲು ಅವರ ಬಳಿ ನಾಲ್ಕೈದು ಅಳತೆಗೋಲುಗಳಿವೆ. ಅವನು ಹುಟ್ಟಿದ ಊರು, ಅವನ ತಂದೆತಾಯಿ ಹುಟ್ಟಿದ ಊರು, ಮಾತೃಭಾಷೆ, ಮನೆಯಲ್ಲಿ ಈಗ ಆಡುವ ಭಾಷೆ, ಕೊನೆಗೆ ಅವನು ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತಾನೆ ಎಂಬುದು. ಯಾವ ಕೋಲು ಹಿಡಿದರೂ ಒಂದಷ್ಟು ಜನ ಒಳಗೆ ಬರುತ್ತಾರೆ, ಒಂದಷ್ಟು ಜನ ಹೊರಗೆ ಉಳಿಯುತ್ತಾರೆ.

ಡೊಂಬಿವಲಿಯ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ವಿಷಯ ಸುಲಭವಾಗಿ ಅರ್ಥವಾದೀತು. ಮನೆ ಕಲ್ಪನೆಯದು, ಆದರೆ ಇಂಥ ಮನೆ ಅಲ್ಲಿನ ಪ್ರತಿ ಕಟ್ಟಡದಲ್ಲೂ ಒಂದಿದೆ. ಅಜ್ಜಿ ಕಾಪುವಿನಲ್ಲಿ ಹುಟ್ಟಿ ಮದುವೆಯಾಗಿ ಮುಂಬಯಿಗೆ ಬಂದವರು, ಮನೆಮಾತು ತುಳು. ಮಗ ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡ ಮಾಧ್ಯಮದಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿ, ಇಂದಿಗೂ ಬೆಳಗ್ಗೆ ಕನ್ನಡ ಪತ್ರಿಕೆ ಬಾರದಿದ್ದರೆ ಚಡಪಡಿಸುವವನು. ಸೊಸೆ ಅಕ್ಕಲಕೋಟೆಯ ಕನ್ನಡ ಮನೆತನದವಳು. ಮಗಳು ತಾಯಿಯ ತವರಿನಲ್ಲಿ, ಅಂದರೆ ಅಕ್ಕಲಕೋಟೆಯಲ್ಲಿ ಹುಟ್ಟಿ ಮೂರು ತಿಂಗಳ ಮಗುವಾಗಿ ಡೊಂಬಿವಲಿಗೆ ಬಂದವಳು. ಕಿರಿಯ ಮಗ ಹುಟ್ಟಿದ್ದು ಡೊಂಬಿವಲಿಯ ನರ್ಸಿಂಗ್ ಹೋಮಿನಲ್ಲಿ. ಮಕ್ಕಳಿಬ್ಬರೂ ಇಂಗ್ಲಿಷ್ ಮಾಧ್ಯಮ. ಅಜ್ಜಿಯ ತುಳುವಿಗೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ.

ಹೊರರಾಜ್ಯದಿಂದ ಬಂದ ವಲಸಿಗರು ಯಾರು ಎಂದು ಕೇಳಿದರೆ ಈ ಐವರಲ್ಲಿ ಸಿಗುವುದು ಅಜ್ಜಿ ಒಬ್ಬರೇ. ಕನ್ನಡ ಮಾತೃಭಾಷೆಯವರು ಯಾರು ಎಂದರೆ ಸಂದೇಹಕ್ಕೆ ಎಡೆಯಿಲ್ಲದಂತೆ ಸಿಗುವವಳು ಸೊಸೆ. ಆದರೆ ಅವಳು ಕರ್ನಾಟಕದಿಂದ ಬಂದವಳಲ್ಲ. ಅವಳ ಊರು ಮಹಾರಾಷ್ಟ್ರದಲ್ಲಿದೆ, ಅವಳದು ರಾಜ್ಯದೊಳಗಿನ ವಲಸೆ, ಕಾರಣ ಮದುವೆ. ಅಂದರೆ ಕರ್ನಾಟಕದಿಂದ ಬಂದವರ ಮಾತೃಭಾಷೆ ಕನ್ನಡವಲ್ಲ, ಕನ್ನಡ ಮಾತೃಭಾಷೆಯವಳು ಕರ್ನಾಟಕದಿಂದ ಬಂದವಳಲ್ಲ! ಕನ್ನಡ ಓದಬಲ್ಲವರು ಯಾರು ಎಂದರೆ ಮಗನೂ ಅಜ್ಜಿಯೂ ಎದ್ದು ನಿಲ್ಲುತ್ತಾರೆ, ಸೊಸೆ ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಸಂಘದ ಸದಸ್ಯರ ಪಟ್ಟಿಯಲ್ಲಿರುವುದು ಮಗನ ಹೆಸರು ಮಾತ್ರ. ನೀವು ಯಾರು ಎಂದು ಕೇಳಿದರೆ ಐವರೂ ಸಂಕೋಚವಿಲ್ಲದೆ ‘ಕರ್ನಾಟಕದವರು’ ಎನ್ನುತ್ತಾರೆ. ಒಂದೇ ಮನೆ, ಒಂದೇ ದಿನ. ಉತ್ತರ ಒಂದರಿಂದ ಐದರವರೆಗೆ. ಇದನ್ನೇ ಮಹಾನಗರದ ಮಟ್ಟಕ್ಕೆ ಗುಣಿಸಿದರೆ ವೇದಿಕೆಯ ಮೇಲಿನ ಲಕ್ಷಗಳ ಏರಿಳಿತ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಮಗಳ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಈ ನಾಡಿನ ಪದ್ಧತಿ. ಜನನ ಸ್ಥಳವೊಂದನ್ನೇ ನೋಡಿದರೆ ಹಾಗೆ ಹುಟ್ಟಿದ ಮಗುವೂ ವಲಸಿಗ. ಉಡುಪಿಯಲ್ಲೋ ಪುತ್ತೂರಿನಲ್ಲೋ ಬಾಣಂತನ ಮುಗಿಸಿ ತಾಯಿಯ ಮಡಿಲಲ್ಲಿ ಮುಂಬಯಿಗೆ ಬಂದ ಸಾವಿರಾರು ಮಕ್ಕಳು ಹೀಗೆ ಲೆಕ್ಕಕ್ಕೆ ಸಿಕ್ಕಿದ್ದಾರೆ. 2001ರ ಗಣತಿಯಿಂದ ವಲಸೆಯ ಕಾರಣಗಳ ಸಾಲಿನಲ್ಲಿ ಉದ್ಯೋಗ, ವ್ಯಾಪಾರ, ಶಿಕ್ಷಣ, ಮದುವೆಗಳ ಜತೆಗೆ ಹುಟ್ಟಿದ ಮೇಲೆ ಸ್ಥಳಾಂತರ ಎಂಬುದನ್ನೂ ಸೇರಿಸಿ ಇವರನ್ನು ಬೇರ್ಪಡಿಸಲಾಯಿತು. ಹಿಂದಿನ ವಾಸಸ್ಥಳ ಯಾವುದು ಎಂದು ಕೇಳತೊಡಗಿದ್ದೇ 1971ರಲ್ಲಿ, ಕಾರಣ ಕೇಳತೊಡಗಿದ್ದು 1981ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಊರೊಂದೇ ಆಧಾರವಾಗಿತ್ತು.

ಹುಟ್ಟಿದ ಊರು ಕದಲುವುದಿಲ್ಲ, ಆದರೆ ಗಡಿ ಕದಲುತ್ತದೆ. ಕಾರವಾರದಿಂದಲೋ ಧಾರವಾಡದಿಂದಲೋ 1950ರಲ್ಲಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದವನು 1951ರ ಗಣತಿಯಲ್ಲಿ ರಾಜ್ಯದ ಒಳಗೇ ಊರು ಬದಲಿಸಿದವನು, ಏಕೆಂದರೆ ಆಗ ಅವೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿದ್ದವು. 1956ರಲ್ಲಿ ಭಾಷಾವಾರು ಪ್ರಾಂತಗಳ ರಚನೆಯಾಗಿ, 1960ರಲ್ಲಿ ಮಹಾರಾಷ್ಟ್ರ ಹುಟ್ಟಿ, 1961ರ ಗಣತಿ ಬರುವ ಹೊತ್ತಿಗೆ ಅದೇ ಮನುಷ್ಯ ಅದೇ ಚಾಳಿನ ಅದೇ ಖೋಲಿಯಲ್ಲಿ ಕುಳಿತಲ್ಲೇ ಹೊರರಾಜ್ಯದವನಾದ. ದಕ್ಷಿಣ ಕನ್ನಡದವನಾದರೆ ಮದ್ರಾಸ್ ಪ್ರಾಂತದವನಾಗಿ ಬಂದು ಮೈಸೂರು ರಾಜ್ಯದವನಾದ. ಇಬ್ಬರೂ ಮಿಸುಕಾಡಲಿಲ್ಲ, ಮಿಸುಕಾಡಿದ್ದು ಕಾಗದದ ಮೇಲಿನ ಗೆರೆ.

ಈಗ ಮುಖ್ಯ ವಿಷಯಕ್ಕೆ, ಅಂದರೆ ಮಾತೃಭಾಷೆಯ ಪ್ರಶ್ನೆಗೆ ಬರಬಹುದು. 1881ರಿಂದಲೂ ಗಣತಿ ಈ ಪ್ರಶ್ನೆಯನ್ನು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತ ಬಂದಿದೆ. 1891ರಲ್ಲಿ ತಂದೆತಾಯಿಯ ಭಾಷೆ ಎಂದು ಕೇಳಿದರು, 1901ರಿಂದ ಮೂರು ಗಣತಿಗಳಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆ ಎಂದು ಕೇಳಿದರು, 1931ರಲ್ಲಿ ಮತ್ತೆ ಮಾತೃಭಾಷೆಗೆ ಮರಳಿದರು. ಮುಂಬಯಿಯಂಥ ನಗರದಲ್ಲಿ ಈ ಮೂರು ಪ್ರಶ್ನೆಗಳಿಗೆ ಮೂರು ಉತ್ತರ ಬರುವುದು ಖಂಡಿತ. ಈಗಿನ ಕೈಪಿಡಿಯ ಪ್ರಕಾರ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಂದಿಗೆ ಆಡಿದ ಭಾಷೆ. ತಾಯಿ ಶೈಶವದಲ್ಲೇ ತೀರಿಕೊಂಡಿದ್ದರೆ ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಉತ್ತರ ಕೊಟ್ಟವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು, ಅದು ಭಾಷೆಯೋ ಉಪಭಾಷೆಯೋ ಎಂದು ವಾದಿಸಬಾರದು, ಧರ್ಮವನ್ನು ನೋಡಿ ಭಾಷೆಯನ್ನು ಊಹಿಸಬಾರದು ಎಂದು ಗಣತಿದಾರರಿಗೆ ಸ್ಪಷ್ಟ ಸೂಚನೆಯಿದೆ.

ಹೇಳಿದಂತೆ ಬರೆದುಕೊಂಡದ್ದು ಹೇಳಿದಂತೆಯೇ ಅಚ್ಚಾಗುತ್ತದೆಯೇ ಎಂಬುದು ಬೇರೆ ಮಾತು. 2011ರಲ್ಲಿ ದೇಶದ ಜನ ಹೇಳಿದ ಮಾತೃಭಾಷೆಯ ಹೆಸರುಗಳು 19,569. ಅವನ್ನು ಸೋಸಿ, ಹೋಲಿಸಿ, ಒಂದೇ ನುಡಿಯ ಹಲವು ಹೆಸರುಗಳನ್ನು ಕೂಡಿಸಿ 1,369 ಮಾಡಿದರು. ಕೊನೆಗೆ ಪ್ರಕಟವಾದ ಭಾಷೆಗಳು 121. ದೇಶದಾದ್ಯಂತ ಹತ್ತು ಸಾವಿರ ಜನ ಇಲ್ಲದ ಭಾಷೆ ‘ಇತರೆ’ ಎಂಬ ಸಾಲಿಗೆ ಹೋಗುತ್ತದೆ. ಕನ್ನಡದ ಹೆಸರಿನಲ್ಲಿ ಅಚ್ಚಾದ 4,37,06,512 ಜನರಲ್ಲಿ ನೀಲಗಿರಿಯ ಬಡಗರು 1,33,550 ಮಂದಿ ಸೇರಿದ್ದಾರೆ, ಕುರುಬ ನುಡಿಯ 24,189 ಮಂದಿಯೂ ಇದ್ದಾರೆ. ಅತ್ತ ವಿಜಯಪುರ, ಕಲಬುರಗಿಯ ತಾಂಡಾಗಳ ಲಂಬಾಣಿ ಮಾತು ಹಿಂದಿಯ ಲೆಕ್ಕಕ್ಕೆ ಸೇರಿತು. ಸುಮಾರು 52.8 ಕೋಟಿ ಎಂದು ಹೇಳಲಾಗುವ ಹಿಂದಿಯಲ್ಲಿ ಭೋಜಪುರಿಯವರೇ 5 ಕೋಟಿಗೂ ಮಿಕ್ಕಿ ಇದ್ದಾರೆ. ಆ ತಾಂಡಾದ ಅಜ್ಜಿಗೆ ತನ್ನ ಹೆಸರು ಹಿಂದಿಯ ಜಮೆಗೆ ಬಿದ್ದದ್ದು ಗೊತ್ತಿರಲಾರದು.

ತುಳುವಿಗೆ ಮಾತ್ರ ಅದರದೇ ಸಾಲು ಇದೆ. 2001ರಲ್ಲಿ 17,22,768, 2011ರಲ್ಲಿ 18,46,427. ಕೊಂಕಣಿ ಅದೇ ಹತ್ತು ವರ್ಷಗಳಲ್ಲಿ 24,89,015ರಿಂದ 22,56,502ಕ್ಕೆ ಇಳಿಯಿತು. ಕೊಡವ ನುಡಿ 1,66,187ರಿಂದ 1,13,857ಕ್ಕೆ ಬಂತು. ಹತ್ತು ವರ್ಷಗಳಲ್ಲಿ ಕೊಡವರಲ್ಲಿ ಮೂವರಿಗೆ ಒಬ್ಬರಂತೆ ಮಾಯವಾದರು ಎಂದು ಯಾರೂ ನಂಬುವುದಿಲ್ಲ. ಮಾಯವಾದದ್ದು ಉತ್ತರ. ಮನೆಯಲ್ಲಿ ಮಾತು ಬದಲಾಯಿತೋ, ಬರೆಸುವಾಗ ಬೇರೆ ಹೆಸರು ಹೇಳಿದರೋ, ಬರೆದುಕೊಂಡವರು ಬೇರೆಡೆ ಸೇರಿಸಿದರೋ, ಅಂಕಿಯೊಂದೇ ಅದನ್ನು ಹೇಳಲಾರದು.

ಇಲ್ಲೇ ಮುಂಬಯಿಯ ಸಂಘಗಳ ಧರ್ಮಸಂಕಟವೂ ಇದೆ. ಇಲ್ಲಿನ ಕನ್ನಡ ಸಂಘಗಳನ್ನು ಕಟ್ಟಿ ಬೆಳೆಸಿದವರಲ್ಲಿ, ರಾತ್ರಿ ಶಾಲೆಗಳಲ್ಲಿ ಕನ್ನಡ ಕಲಿತು ಕನ್ನಡ ಪತ್ರಿಕೆಗಳನ್ನು ಸಾಕಿದವರಲ್ಲಿ ಹೆಚ್ಚಿನವರ ಮನೆಮಾತು ತುಳು. ಕೊಂಕಣಿಯವರೂ ಕಡಿಮೆಯಿಲ್ಲ. ಗಣತಿ ಹತ್ತಿರ ಬಂದಾಗ ಇವರಿಗೆ ಎರಡು ಕಡೆಯಿಂದ ಒತ್ತಾಯ ಬರುತ್ತದೆ. ತುಳುವಿಗೆ ಎಂಟನೇ ಪರಿಚ್ಛೇದದಲ್ಲಿ ಸ್ಥಾನ ಸಿಗಬೇಕಾದರೆ ತಪ್ಪದೆ ತುಳು ಎಂದೇ ಬರೆಸಿ ಎಂದು ಒಂದು ಕಡೆ. ಹೊರನಾಡಿನಲ್ಲಿ ಕನ್ನಡದ ಬಲ ಕುಂದಬಾರದು, ಕನ್ನಡ ಎಂದು ಬರೆಸಿ ಎಂದು ಇನ್ನೊಂದು ಕಡೆ. ಎರಡನೆಯ ಮಾತನ್ನು ಆಡುವವರು ಒಳ್ಳೆಯ ಉದ್ದೇಶದಿಂದಲೇ ಆಡುತ್ತಾರೆ, ಆದರೂ ಅದು ತಪ್ಪು. ತಾಯಿ ಆಡಿದ್ದು ತುಳುವಾಗಿರುವಾಗ ಕನ್ನಡ ಎಂದು ಬರೆಸುವುದು ಇನ್ನೊಬ್ಬರ ಖಾತೆಯ ಹಣವನ್ನು ತನ್ನ ಖಾತೆಗೆ ಜಮೆ ಮಾಡಿಸಿದಂತೆ. ಬ್ಯಾಲೆನ್ಸ್ ಹೆಚ್ಚು ಕಂಡೀತು, ಟ್ಯಾಲಿ ಆಗದು.

ಇಂಥ ಪ್ರಚಾರ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 1951ರ ಪಂಜಾಬ್ ಸಾಕ್ಷಿ. ಹಿಂದಿ ಎಂದು ಬರೆಸಬೇಕೋ ಪಂಜಾಬಿ ಎಂದು ಬರೆಸಬೇಕೋ ಎಂಬ ಜಗಳ ಎಷ್ಟು ಜೋರಾಯಿತೆಂದರೆ, ಅಲ್ಲಿನ ಹಿಂದಿ, ಪಂಜಾಬಿ, ಉರ್ದು, ಪಹಾಡಿ ಅಂಕಿಗಳನ್ನು ಬೇರೆ ಮಾಡಲಾಗದೆ ಒಟ್ಟಾಗಿ ಅಚ್ಚು ಹಾಕಬೇಕಾಯಿತು. ಯಾರೂ ಗೆಲ್ಲಲಿಲ್ಲ, ಲೆಕ್ಕವೇ ಸೋತಿತು.

ಕನ್ನಡಕ್ಕೆ ಜಾಗ ಬೇರೆಡೆ ಇದೆ. ಮಾತೃಭಾಷೆಯ ಪಕ್ಕದಲ್ಲೇ ತಿಳಿದಿರುವ ಇತರ ಭಾಷೆಗಳು ಎಂಬ ಕಾಲಂ ಇರುತ್ತದೆ. ಓದು ಬರಹ ಬರಬೇಕೆಂದಿಲ್ಲ, ಆಡಿ ಅರ್ಥಮಾಡಿಕೊಳ್ಳಬಲ್ಲವನಾದರೆ ಸಾಕು. ಆದರೆ ಅಲ್ಲಿ ಬರೆಯಬಹುದಾದದ್ದು ಎರಡೇ ಭಾಷೆ. ಮುಂಬಯಿಯ ತುಳುವನಿಗೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಗೊತ್ತು. ಲೋಕಲ್ ರೈಲಿನಲ್ಲಾದರೆ ಮೂವರ ಸೀಟಿನಲ್ಲಿ ಸ್ವಲ್ಪ ಸರಿದು ನಾಲ್ಕನೆಯವನಿಗೆ ಜಾಗ ಮಾಡಿಕೊಡುತ್ತಾರೆ, ಗಣತಿಯ ಫಾರ್ಮಿನಲ್ಲಿ ಆ ದಾಕ್ಷಿಣ್ಯವಿಲ್ಲ. ಬಾಗಿಲಲ್ಲಿ ನಿಂತ ಗಣತಿದಾರರು ಬೇರೆ ಯಾವ ಭಾಷೆ ಬರುತ್ತದೆ ಎಂದಾಗ ಬಾಯಿಗೆ ಮೊದಲು ಬರುವುದು ಹಿಂದಿ, ಇಂಗ್ಲಿಷ್. ನಲವತ್ತು ವರ್ಷ ಕನ್ನಡ ಪತ್ರಿಕೆ ಓದಿದವನ ಲೆಕ್ಕದಿಂದ ಕನ್ನಡ ಹೀಗೆ ಪೂರ್ತಿ ಜಾರಿಹೋಗುತ್ತದೆ. ಸಂಘಗಳು ಪ್ರಚಾರ ಮಾಡುವುದಿದ್ದರೆ ಈ ಎರಡನೆಯ ಕಾಲಂ ಬಗ್ಗೆ ಮಾಡಲಿ. ಅದರಲ್ಲಿ ಸುಳ್ಳೂ ಇಲ್ಲ, ತುಳುವಿಗೆ ನಷ್ಟವೂ ಇಲ್ಲ.

ಇದೆಲ್ಲ ಬರೀ ಅಭಿಮಾನದ ವಿಷಯ ಎಂದುಕೊಂಡವರು ಶಾಲೆಗಳತ್ತ ನೋಡಬೇಕು. ಮುಂಬಯಿ ಮಹಾನಗರ ಪಾಲಿಕೆ ನಡೆಸುವ ಎಂಟು ಮಾಧ್ಯಮಗಳ ಶಾಲೆಗಳಲ್ಲಿ ಕನ್ನಡವೂ ಒಂದು. ಅಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗುತ್ತಿರುವುದು ಗೊತ್ತಿರುವ ಸಂಗತಿಯೇ. ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಮಾಡಬೇಕು ಎಂಬುದು 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರು ಒಪ್ಪಿದ ಸೂತ್ರ. ಬಳಿಕ ಸಂವಿಧಾನಕ್ಕೆ 350ಎ ವಿಧಿ ಸೇರಿ ಈ ಆಶಯಕ್ಕೆ ಬಲ ಬಂತು. ಇಲ್ಲಿ ಲೆಕ್ಕಕ್ಕೆ ಬರುವುದು ಹದಿನೈದು ಲಕ್ಷವಲ್ಲ, ಹತ್ತು ಮಕ್ಕಳು. ಆ ಮಕ್ಕಳ ಮಾತೃಭಾಷೆ ತುಳು ಎಂದಾದರೆ ಕನ್ನಡ ಶಾಲೆಯ ಬೇಡಿಕೆಗೆ ಅವರನ್ನು ಸೇರಿಸುವುದೋ ಬಿಡುವುದೋ? ಕನ್ನಡ ಸಂಸ್ಥೆಗಳು ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಪಡೆದು ನಡೆಸುವ ಶಾಲೆ, ಕಾಲೇಜುಗಳ ಕೋಟಾದಲ್ಲೂ ಇದೇ ಪ್ರಶ್ನೆ ಏಳುತ್ತದೆ. ಶಾಲೆಯ ದಾಖಲೆಯಲ್ಲಿ ಒಂದು ಮಾತೃಭಾಷೆ, ಗಣತಿಯಲ್ಲಿ ಇನ್ನೊಂದು, ನೌಕರಿಯ ಅರ್ಜಿಯಲ್ಲಿ ಮತ್ತೊಂದು ಎಂದು ಬರೆದುಕೊಂಡ ಕುಟುಂಬಗಳು ಎಷ್ಟಿಲ್ಲ!

ಅಲ್ಪಸಂಖ್ಯಾತ ಎಂಬ ಪದವೂ ಗಡಿ ದಾಟಿದರೆ ಬದಲಾಗುತ್ತದೆ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ನೀಡಿದ ತೀರ್ಪಿನ ಪ್ರಕಾರ ಭಾಷಾ ಅಲ್ಪಸಂಖ್ಯಾತರು ಯಾರೆಂದು ರಾಜ್ಯವಾರು ನೋಡಬೇಕು. ಹುಬ್ಬಳ್ಳಿಯಲ್ಲಿ ರೈಲು ಹತ್ತುವಾಗ ಬಹುಸಂಖ್ಯಾತನಾಗಿದ್ದವನು ದಾದರಿನಲ್ಲಿ ಇಳಿಯುವಾಗ ಅಲ್ಪಸಂಖ್ಯಾತ. ತುಳುವನ ಪಾಡು ಇನ್ನೂ ವಿಚಿತ್ರ, ಊರಿನಲ್ಲೂ ಅಲ್ಪಸಂಖ್ಯಾತ, ಇಲ್ಲಿ ಅಲ್ಪಸಂಖ್ಯಾತರೊಳಗಿನ ಒಂದು ಪಾಲು.

ಹೊರಗಿನವರು ಹಚ್ಚುವ ಹೆಸರು ಬೇರೆಯೇ ಇರುತ್ತದೆ. 1966ರ ನಂತರದ ವರ್ಷಗಳಲ್ಲಿ ಈ ನಗರದಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದಾಗ ತಮಿಳ, ತುಳುವ, ಮಲಯಾಳಿ ಎಂಬ ಭೇದವನ್ನು ಯಾರೂ ಕೇಳಲಿಲ್ಲ, ಎಲ್ಲರೂ ಮದ್ರಾಸಿಗಳಾಗಿದ್ದರು. ಅಮೆರಿಕದ ಗಣತಿಯೂ ಇದಕ್ಕಿಂತ ಜಾಣತನ ತೋರಲಿಲ್ಲ. 1920ರಿಂದ 1940ರವರೆಗೆ ಅಲ್ಲಿ ಭಾರತೀಯರಿಗೆಲ್ಲ ‘ಹಿಂದೂ’ ಎಂಬ ಜನಾಂಗದ ಹೆಸರಿತ್ತು, ಪಂಜಾಬಿನ ಸಿಖ್ಖನಿಗೂ ಅದೇ ಮೊಹರು. 1970ರಲ್ಲಿ ಅವರನ್ನು ಬಿಳಿಯರ ಜತೆ ಸೇರಿಸಿದರು, 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಹೊಸ ಮನೆ ಕೊಟ್ಟರು. ಬ್ರಿಟನ್ನಿನ ಗಣತಿ ಜನಾಂಗದ ಪ್ರಶ್ನೆ ಕೇಳಿದ್ದೇ 1991ರಲ್ಲಿ.

ಗಣತಿಯ ಮಾತು ಹೀಗಾದರೆ ಮಾದರಿ ಸಮೀಕ್ಷೆಗಳ ಕಷ್ಟ ಬೇರೆ. ನಗರದಲ್ಲಿ ಸಾವಿರ ಜನರನ್ನು ಚೀಟಿ ಎತ್ತಿ ಆರಿಸಿ, ಲೆಕ್ಕಕ್ಕಾಗಿ ನೂರಕ್ಕೆ ಇಬ್ಬರು ಕನ್ನಡಿಗರೆಂದು ಹಿಡಿದರೆ ಕೈಗೆ ಸಿಗುವವರು 20 ಮಂದಿ. ಅವರಲ್ಲಿ 10 ಜನ ಮಕ್ಕಳೊಂದಿಗೆ ಕನ್ನಡ ಮಾತಾಡುತ್ತೇವೆ ಎಂದರೆ ಅರ್ಧದಷ್ಟು ಎಂದು ಬರೆಯುವ ಹಾಗಿಲ್ಲ. ಅಷ್ಟು ಚಿಕ್ಕ ಮಾದರಿಯಲ್ಲಿ ನಿಜವಾದ ಪ್ರಮಾಣ ನೂರಕ್ಕೆ 28ರಿಂದ 72ರವರೆಗೆ ಎಲ್ಲಿಯೂ ಇರಬಹುದು. ಆದ್ದರಿಂದ ಚದುರಿದ ಸಣ್ಣ ಸಮುದಾಯಗಳನ್ನು ಹುಡುಕಲು ಸಂಶೋಧಕರು ಅಡ್ಡದಾರಿ ಹಿಡಿಯುತ್ತಾರೆ. ಒಂದು, ಅಡ್ಡಹೆಸರು ನೋಡಿ ಆರಿಸುವುದು. ಬಂಗೇರ, ಕೋಟ್ಯಾನ್ ಎಂದರೆ ಗುರುತು ಸಿಗಬಹುದು. ಪಾಟೀಲ, ಕುಲಕರ್ಣಿ, ದೇಶಪಾಂಡೆ ಎಂದರೆ? ಗಡಿಯ ಎರಡೂ ಕಡೆ ಆ ಹೆಸರುಗಳು ತುಂಬಿವೆ. ಇನ್ನೊಂದು ದಾರಿ ಸಂಘಗಳ ಮೂಲಕ ಹೋಗುವುದು. ಒಬ್ಬ ಪದಾಧಿಕಾರಿ ಹತ್ತು ಹೆಸರು ಕೊಡುತ್ತಾರೆ, ಆ ಹತ್ತು ಜನ ಇನ್ನೂ ಹತ್ತು ಹತ್ತು ಕೊಡುತ್ತಾರೆ.

ಈ ದಾರಿಯಲ್ಲಿ ಸಿಗುವವರು ಯಾರು ಎಂಬುದು ಸಂಘದಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಒಬ್ಬನೇ ಮಹನೀಯ ಕನ್ನಡ ಸಂಘದ ಸದಸ್ಯ, ಜಾತಿ ಸಂಘದ ಸದಸ್ಯ, ಭಜನಾ ಮಂಡಳಿಯ ಕೋಶಾಧಿಕಾರಿ, ಊರ ದೇವಸ್ಥಾನದ ಮುಂಬಯಿ ಸಮಿತಿಯಲ್ಲೂ ಇರುತ್ತಾನೆ. ನಾಲ್ಕು ಪಟ್ಟಿ ಕೂಡಿಸಿದರೆ ಅವನೊಬ್ಬನೇ ನಾಲ್ವರು. ಅತ್ತ ಹೊಟೇಲಿನ ಅಡುಗೆಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ದುಡಿಯುವ ಹುಡುಗ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಕೆಲವೇ ತಿಂಗಳಲ್ಲಿ ಜಾಗ ಬದಲಿಸುವ ಕುಟುಂಬ ಯಾವ ಪಟ್ಟಿಯಲ್ಲೂ ಇಲ್ಲ. ಬೆಳಗಿನಿಂದ ಸಂಜೆವರೆಗೆ ಕನ್ನಡವನ್ನೇ ಆಡುವ ಆ ಕುಟುಂಬವನ್ನು ಯಾವ ರಾಜ್ಯೋತ್ಸವವೂ ಕರೆದಿಲ್ಲ. ವೇದಿಕೆಯ ಲಕ್ಷಗಳಲ್ಲಿ ಅವರನ್ನು ಸೇರಿಸಿಕೊಳ್ಳುವುದು ಮಾತ್ರ ಯಾರಿಗೂ ಕಷ್ಟವಾಗುವುದಿಲ್ಲ.

ಸಂಘಗಳಿಗೆ ನಿಜವಾಗಿ ತಿಳಿಯಬೇಕೆಂದಿದ್ದರೆ ದೊಡ್ಡ ಖರ್ಚೇನೂ ಇಲ್ಲ. ಸದಸ್ಯರ ಪಟ್ಟಿಯನ್ನು ಬದಿಗಿಟ್ಟು, ಒಂದು ಉಪನಗರದ ಕೆಲವು ಕಟ್ಟಡಗಳನ್ನೂ ಒಂದೆರಡು ಝೋಪಡಿ ವಸತಿಗಳನ್ನೂ ಚೀಟಿ ಎತ್ತಿ ಆರಿಸಿ, ಯುವ ವಿಭಾಗದ ಹುಡುಗರು ಮನೆಮನೆಗೆ ಹೋದರೆ ನಾಲ್ಕು ಭಾನುವಾರಗಳ ಕೆಲಸ. ‘ನೀವು ಕನ್ನಡಿಗರೇ’ ಎಂಬ ಒಂದೇ ಪ್ರಶ್ನೆ ಬೇಡ. ಎಲ್ಲಿ ಹುಟ್ಟಿದಿರಿ, ತಂದೆತಾಯಿಯ ಊರು ಯಾವುದು, ತಾಯಿ ನಿಮ್ಮೊಂದಿಗೆ ಯಾವ ಭಾಷೆ ಆಡಿದರು, ನೀವು ಮಕ್ಕಳೊಂದಿಗೆ ಯಾವುದನ್ನು ಆಡುತ್ತೀರಿ, ಕನ್ನಡ ಓದಲು ಬರುತ್ತದೆಯೇ ಎಂದು ಬೇರೆ ಬೇರೆ ಕೇಳಿ, ಬಂದ ಉತ್ತರಗಳನ್ನು ಕೂಡಿಸದೆ ಬೇರೆ ಬೇರೆಯಾಗಿಯೇ ಪ್ರಕಟಿಸಲಿ. ಮಕ್ಕಳೊಂದಿಗೆ ಎಂಬ ಪ್ರಶ್ನೆಯ ಉತ್ತರ ಹಲವು ಪದಾಧಿಕಾರಿಗಳ ಮನೆಯಲ್ಲೇ ಮುಜುಗರ ತಂದೀತು. ಆ ಭಯಕ್ಕೇ ಇಂಥ ಸಮೀಕ್ಷೆ ಇಲ್ಲಿಯವರೆಗೆ ಕಾರ್ಯಸೂಚಿಗೆ ಬರಲಿಲ್ಲವೇನೋ.

2021ರ ಗಣತಿ ಕೊರೊನಾದಿಂದ ಮುಂದೆ ಹೋಯಿತು. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯಂತೆ ಮುಂದಿನ ಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಈ ಬಾರಿ ಜಾತಿಯನ್ನೂ ಬರೆದುಕೊಳ್ಳಲಾಗುತ್ತದೆ, ಕುಟುಂಬದವರೇ ಆನ್‌ಲೈನ್‌ನಲ್ಲಿ ಮಾಹಿತಿ ತುಂಬುವ ಅವಕಾಶವೂ ಇದೆ. ಡೊಂಬಿವಲಿಯ ಆ ಮನೆಯಲ್ಲಿ ಮೊಬೈಲ್ ಹಿಡಿದು ಫಾರ್ಮ್ ತುಂಬುವವಳು ಬಹುಶಃ ಅಕ್ಕಲಕೋಟೆಯಲ್ಲಿ ಹುಟ್ಟಿದ ಮಗಳೇ. ಅಜ್ಜಿಯ ಹೆಸರಿನ ಮುಂದೆ ಏನು ಬರೆಯಬೇಕೆಂದು ಅವಳು ಅಜ್ಜಿಯನ್ನೇ ಕೇಳಲಿ. ತನ್ನ ಹೆಸರಿನ ಮುಂದೆ ಬರೆಯುವಾಗ ತಾಯಿಯನ್ನು ಕೇಳಲಿ, ನೀನು ನನ್ನೊಂದಿಗೆ ಚಿಕ್ಕಂದಿನಲ್ಲಿ ಯಾವ ಭಾಷೆ ಆಡಿದೆ ಎಂದು.